ನಿಮಗಿದು ಗೊತ್ತೇ? ಹೆಸರು ಗೊತ್ತಿಲ್ಲದವರು ನಮ್ಮನ್ನು ಕರೆಯುವ ಬಗೆ

ಬಸ್ ನಿಲ್ದಾಣ, ಬಟ್ಟೆ ಅಂಗಡಿ, ಆಸ್ಪತ್ರೆ, ಪೊಲೀಸ್ ಠಾಣೆ. ಎಲ್ಲಿಗೆ ಹೋದರೂ ಗುರುತಿಲ್ಲದವರು ನಮ್ಮನ್ನು ಏನಾದರೊಂದು ಅಂದು ಕರೆಯಲೇಬೇಕು. ಸರ್, ಅಣ್ಣ, ಅಜ್ಜಿ, ಆಂಟಿ, ಚಿನ್ನ. ಬಾಯಿ ತೆರೆಯುವ ಮೊದಲೇ ಅವರು ನಮ್ಮ ವಯಸ್ಸು, ಬಟ್ಟೆ, ತಾಳಿ, ಕೆಲವು ಕಡೆ ಜಾತಿಯನ್ನೂ ಅಳೆದು ಮುಗಿಸಿರುತ್ತಾರೆ. ಕರೆಸಿಕೊಂಡವರು ಹಿಗ್ಗುವುದೂ ಕುಗ್ಗುವುದೂ ಆ ಅಳತೆಗೇ.

◆ ಆಸ್ಟ್ರೇಲಿಯಾದಲ್ಲಿ ಪರಿಚಯವಿಲ್ಲದವರನ್ನೂ ‘ಮೇಟ್’ ಎಂದು ಕರೆಯುವುದು ನಮ್ಮ ‘ಗುರು’ವಿನಷ್ಟೇ ಸಲೀಸು. 2005ರ ಆಗಸ್ಟ್‌ನಲ್ಲಿ ಕ್ಯಾನ್‌ಬೆರಾದ ಸಂಸತ್ ಭವನದ ಭದ್ರತಾ ಸಿಬ್ಬಂದಿಗೆ ‘ಇನ್ನು ಮೇಲೆ ಯಾರನ್ನೂ ಮೇಟ್ ಅನ್ನಬೇಡಿ’ ಎಂಬ ಆದೇಶ ಬಂತು. ಪ್ರಧಾನಿ ಜಾನ್ ಹೋವರ್ಡ್ ಅವರೇ ಅದನ್ನು ಒಪ್ಪಲಿಲ್ಲ. ದೇಶವೆಲ್ಲ ಗದ್ದಲವಾಗಿ, ಒಂದೇ ದಿನದಲ್ಲಿ ಆದೇಶ ವಾಪಸಾಯಿತು.

◆ ಸ್ವೀಡನ್ನಿನಲ್ಲಿ 1960ರ ದಶಕದವರೆಗೂ ಎದುರಿಗಿದ್ದವರನ್ನು ಅವರ ಹುದ್ದೆಯಿಂದಲೇ ಕರೆಯಬೇಕಿತ್ತು, ಅದೂ ಪ್ರಥಮ ಪುರುಷದಲ್ಲಿ: ‘ನಿರ್ದೇಶಕರಿಗೆ ಕಾಫಿ ಬೇಕೇ?’ ಹುದ್ದೆ ಗೊತ್ತಿಲ್ಲದಿದ್ದರೆ ಮಾತೇ ಸಿಕ್ಕಿಕೊಳ್ಳುತ್ತಿತ್ತು. 1967ರಲ್ಲಿ ರಾಷ್ಟ್ರೀಯ ಆರೋಗ್ಯ ಮಂಡಳಿಯ ಮುಖ್ಯಸ್ಥರಾಗಿ ಬಂದ ಬ್ರೋರ್ ರೆಕ್ಸೆಡ್, ತಾನು ಎಲ್ಲ ಸಿಬ್ಬಂದಿಯನ್ನೂ ಹೆಸರು ಹಿಡಿದು ‘ದು’, ಅಂದರೆ ನೀನು, ಎಂದೇ ಕರೆಯುತ್ತೇನೆ, ತನ್ನನ್ನೂ ಹಾಗೇ ಕರೆಯಿರಿ ಎಂದರು. ಅದಾಗಲೇ ಬೀಸುತ್ತಿದ್ದ ಗಾಳಿಗೆ ಅವರ ಮಾತು ಬಲ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಇಡೀ ದೇಶ ‘ನೀನು’ವಿಗೆ ಬದಲಾಯಿತು.

◆ ಹುದ್ದೆ ಗೊತ್ತಿಲ್ಲದಾಗ ಸ್ವೀಡನ್ನಿನವರು ಕರ್ತೃವೇ ಇಲ್ಲದ ವಾಕ್ಯ ಕಟ್ಟಿ ಪಾರಾಗುತ್ತಿದ್ದರು. ಕನ್ನಡದವರಿಗೂ ಈ ಜಾಣತನ ಚೆನ್ನಾಗಿ ಗೊತ್ತು. ರೈಲಿನಲ್ಲಿ ಎದುರು ಕೂತವರಿಗೆ ‘ನೀನು’ ಅಂದರೆ ಒರಟು, ‘ನೀವು’ ಅಂದರೆ ಬಿಗಿ ಅನ್ನಿಸಿದಾಗ ಎರಡನ್ನೂ ಬಿಟ್ಟುಬಿಡುತ್ತೇವೆ: ‘ಯಾವೂರಾಯ್ತು?’, ‘ಎಲ್ಲಿಗೆ ಪ್ರಯಾಣ?’, ‘ಊಟ ಆಯ್ತಾ?’, ‘ಏನು ಕೆಲಸ ಮಾಡ್ಕೊಂಡಿರೋದು?’ ಒಂದು ಸರ್ವನಾಮವೂ ಇಲ್ಲದೆ ಅರಸೀಕೆರೆಯವರೆಗೆ ಮಾತಾಡಬಹುದು. ಅಷ್ಟು ಹೊತ್ತಿಗೆ ವಯಸ್ಸು, ಮನೆತನ, ನೌಕರಿ ಎಲ್ಲ ತಿಳಿದಿರುತ್ತದೆ. ಆಮೇಲೆ ‘ನೀವು’ ತಾನಾಗಿ ಬರುತ್ತದೆ.

◆ ಕನ್ನಡಿಗರು ಒಬ್ಬರನ್ನೊಬ್ಬರು ಕರೆಯುವ ಬಗೆಯ ಮೇಲೆ ಅಮೆರಿಕದ ಮಾನವಶಾಸ್ತ್ರಜ್ಞೆ ಸೂಸನ್ ಬೀನ್ ಇಡೀ ಒಂದು ಪುಸ್ತಕ ಬರೆದಿದ್ದಾರೆ. 1978ರಲ್ಲಿ ಅದನ್ನು ಪ್ರಕಟಿಸಿದ್ದು ಷಿಕಾಗೋ ವಿಶ್ವವಿದ್ಯಾಲಯದ ಪ್ರಕಾಶನ.

◆ ರಾತ್ರಿ ಒಂಬತ್ತೂವರೆಗೆ ಆಟೋ ಹಿಡಿಯುವ ಹುಡುಗಿ ‘ಅಣ್ಣಾ, ಬಸವನಗುಡಿಗೆ ಬರ್ತೀರಾ?’ ಅನ್ನುತ್ತಾಳೆ. ಚಾಲಕ ಅವಳಿಗಿಂತ ಚಿಕ್ಕವನೇ ಇರಬಹುದು. ಹಾಗಾದರೂ ಅವನು ಅಣ್ಣನೇ. ಇದು ಬರಿಯ ಮರ್ಯಾದೆಯಲ್ಲ. ನಮ್ಮ ನಂಟಸ್ತಿಕೆಯಲ್ಲಿ ಸೋದರಮಾವನ ಮಗ, ಸೋದರತ್ತೆಯ ಮಗ ಮದುವೆಗೆ ಸಲ್ಲುವವರು, ಹಾಗಾಗಿ ಅವರು ಭಾವಂದಿರು. ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು, ದೊಡ್ಡಮ್ಮ ಚಿಕ್ಕಮ್ಮಂದಿರ ಮಕ್ಕಳು ಅಣ್ಣ ತಮ್ಮ ಅಕ್ಕ ತಂಗಿಯರು, ಅಲ್ಲಿ ಮದುವೆಯ ಮಾತೇ ಇಲ್ಲ. ‘ಅಣ್ಣಾ’ ಅಂದ ಕೂಡಲೇ ಹುಡುಗಿ ತನ್ನ ಸುತ್ತ ಬೇಲಿ ಹಾಕಿಕೊಂಡಳು, ಚಾಲಕನೂ ಅದರ ಆಚೆ ನಿಲ್ಲಲು ಒಪ್ಪಿದ. ‘ಎಲ್ಲಿ ಇಳೀತೀಯಮ್ಮಾ?’ ಎಂದು ಅವನು ಕೇಳಿದರೆ ಆ ‘ಅಮ್ಮಾ’ ಒಪ್ಪಿಗೆಯ ಮುದ್ರೆ. ಗುರುತಿಲ್ಲದ ಗಂಡಸನ್ನು ಯಾವ ಹೆಣ್ಣೂ ‘ಭಾವ’ ಎನ್ನದಿರುವುದಕ್ಕೂ, ಜಗಳದಲ್ಲಿ ‘ಭಾಮೈದ’ ಬೈಗುಳವಾಗುವುದಕ್ಕೂ ಕಾರಣ ಇಲ್ಲೇ ಇದೆ.

◆ ಆದರೆ ಹವ್ಯಕರ ಸೀಮೆಗೆ ಹೋಗಿ ನೋಡಿ. ಸರಿಸುಮಾರು ಒಂದೇ ವಯಸ್ಸಿನ ಗಂಡಸರು ಒಬ್ಬರಿಗೊಬ್ಬರು ‘ಭಾವ’ ಎಂದೇ ಮಾತು ಶುರುಮಾಡುತ್ತಾರೆ. ಗಂಡಸರ ನಡುವೆ ಅದು ಸಲಿಗೆ. ಹುಬ್ಬಳ್ಳಿ, ಬೆಳಗಾವಿ ಕಡೆ ವಯಸ್ಸಾದವರು ‘ಕಾಕಾ’, ‘ಮಾಮಾ’. ದಕ್ಷಿಣ ಕನ್ನಡದಲ್ಲಿ ಯಾವ ನಂಟೂ ಹೇಳದೆ ‘ಮಾರಾಯ್ರೆ’ ಎಂದರೆ ಸಾಕು, ಸಂತೋಷ, ಬೇಸರ, ಆಶ್ಚರ್ಯ ಎಲ್ಲಕ್ಕೂ ಅದೊಂದೇ ನಡೆಯುತ್ತದೆ.

◆ ಕೊರಿಯಾದ ಊಟದ ಮನೆಗಳಲ್ಲಿ ಬಡಿಸುವ ಹೆಂಗಸನ್ನು ಗಿರಾಕಿಗಳು ‘ಇಮೋ’ ಎನ್ನುತ್ತಾರೆ. ಅಂದರೆ ಅಮ್ಮನ ಅಕ್ಕ ಅಥವಾ ತಂಗಿ. ಅಪ್ಪನ ಕಡೆಯ ಅತ್ತೆಗೆ ಅವರಲ್ಲಿ ‘ಗೋಮೋ’ ಎಂಬ ಬೇರೆ ಹೆಸರಿದೆ, ಅದನ್ನು ಊಟದ ಮನೆಯಲ್ಲಿ ಯಾರೂ ಬಳಸುವುದಿಲ್ಲ. ಅನ್ನ ಹಾಕುವವಳು ತಾಯಿಯ ಕಡೆಯವಳೇ ಆಗಬೇಕು. ಉಡುಪಿ ಹೋಟೆಲುಗಳಲ್ಲಿ ಹಿಂದೆ ಬಡಿಸುವ ಹುಡುಗನನ್ನು ‘ಮಾಣಿ’ ಎಂದು ಕೂಗುತ್ತಿದ್ದರು. ಐವತ್ತು ದಾಟಿದರೂ ಅವನು ಮಾಣಿಯೇ. ಈಗ ಆ ಜಾಗಕ್ಕೆ ‘ಅಣ್ಣಾ, ಇನ್ನೊಂದು ಕಾಫಿ’ ಬಂದಿದೆ. ಒಳ್ಳೆಯ ಬದಲಾವಣೆ, ಮನಸಾರೆ ಸ್ವಾಗತಿಸಬೇಕಾದದ್ದು.

◆ ವಿಯೆಟ್ನಾಂನಲ್ಲಿ ದಿನಬಳಕೆಯ ‘ನಾನು’, ‘ನೀನು’ ಎರಡೂ ಹೆಚ್ಚಾಗಿ ನಂಟಿನ ಪದಗಳೇ. ಎದುರಿನವರು ಅಣ್ಣನೋ ತಮ್ಮನೋ ತಿಳಿಯದೆ ಮಾತು ಮುಂದೆ ಹೋಗದು. ಹೀಗಾಗಿ ಹೊಸಬರ ವಯಸ್ಸು ಕೇಳುವುದು ಅಲ್ಲಿ ಅಸಭ್ಯವಲ್ಲ. ಥಾಯ್ಲೆಂಡಿನಲ್ಲೂ ಹಿರಿಯರು ‘ಪೀ’, ಕಿರಿಯರು ‘ನೋಂಗ್’.

◆ ‘ಅಂಕಲ್’, ‘ಆಂಟಿ’ ನಮ್ಮಲ್ಲಿ ಇಷ್ಟು ಬೇಗ ಹಬ್ಬಿದ್ದೇಕೆ? ಮಾವನೋ ಚಿಕ್ಕಪ್ಪನೋ, ಅತ್ತೆಯೋ ಚಿಕ್ಕಮ್ಮನೋ ಎಂದು ಆರಿಸುವ ಕಷ್ಟ ಆ ಪದಗಳಲ್ಲಿ ಇಲ್ಲ. ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಸಿಗುವ ಹತ್ತು ಜಾತಿ, ಹತ್ತು ಭಾಷೆಯವರಿಗೆ ಒಂದೇ ಪದ ಸಾಕಾಗುತ್ತದೆ. ಎಂಟು ವರ್ಷದ ಮಗುವಿನ ಬಾಯಲ್ಲಿ ‘ಆಂಟಿ’ ಇಂಪಾಗಿಯೇ ಕೇಳುತ್ತದೆ. ಅದೇ ಪದವನ್ನು ಇಪ್ಪತ್ತೆಂಟರವನು ಮೂವತ್ತೈದರ ಸಹೋದ್ಯೋಗಿಗೆ ಅಂದಾಗ ಮುಖ ಬಾಡುತ್ತದೆ. ಪಡ್ಡೆ ಹುಡುಗರು ಈ ಪದಕ್ಕೆ ಅಂಟಿಸಿರುವ ಕೊಳಕು ಅರ್ಥವೂ ಹೆಂಗಸರ ಕಿವಿಗೆ ಬಿದ್ದೇ ಇರುತ್ತದೆ. ‘ಅಷ್ಟಕ್ಕೆಲ್ಲ ಬೇಜಾರೇ?’ ಎಂದು ಕೇಳುವವರು ಆ ಜಾಗದಲ್ಲಿ ನಿಂತವರಲ್ಲ.

◆ ಜಪಾನಿನಲ್ಲಿ ‘ಒಬಾಸಾನ್’, ಕೊರಿಯಾದಲ್ಲಿ ‘ಅಜುಮ್ಮಾ’. ನಡುವಯಸ್ಸಿನ ಹೆಂಗಸನ್ನು ಕರೆಯುವ ಈ ಎರಡು ಪದಗಳೂ ಅಲ್ಲಿ ಅಷ್ಟೇ ನೋವಿನವು. ಅಂಗಡಿಯವರು ಜಾಣರು, ಅನುಮಾನ ಬಂದರೆ ‘ಅಕ್ಕ’ ಎಂಬ ಅರ್ಥದ ಪದಕ್ಕೇ ಶರಣಾಗುತ್ತಾರೆ.

◆ ನಮ್ಮ ಸೀರೆ ಅಂಗಡಿಯವರೂ ಕಡಿಮೆಯೇನಲ್ಲ. ಅರವತ್ತರ ಗಿರಾಕಿಗೆ ಐವತ್ತರ ಮಾರಾಟಗಾರ ಹಾಸಿದ ಹಾಸಿಗೆಯ ಮೇಲೆ ಸೀರೆ ಬಿಚ್ಚುತ್ತಾ ಹೇಳುತ್ತಾನೆ: ‘ನೋಡಿ ಅಕ್ಕ, ಇದು ಪ್ಯೂರ್ ಅಕ್ಕ, ಬಾರ್ಡರ್ ಮುಟ್ಟಿ ನೋಡಿ ಅಕ್ಕ.’ ಇಪ್ಪತ್ತು ಸೀರೆ ಬಿಚ್ಚಿಸಿ, ಏನೂ ಕೊಳ್ಳದೆ ಎದ್ದರೆ ‘ಆಯ್ತು ಮೇಡಂ, ಆಮೇಲೆ ಬನ್ನಿ’. ಅಕ್ಕ ಮೇಡಂ ಆದದ್ದು ಗಿರಾಕಿಗೆ ತಕ್ಷಣ ತಿಳಿಯುತ್ತದೆ. ಹೆಚ್ಚು ಮರ್ಯಾದೆಯ ಪದವೇ ದೂರ ತಳ್ಳಿದಂತೆ ಕೇಳುವ ಗಳಿಗೆ ಅದು.

◆ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಬಸ್ ಚಾಲಕ ಪ್ರಯಾಣಿಕರನ್ನು ‘ಲವ್’ ಎನ್ನುತ್ತಾನೆ. ಡರ್ಬಿಷೈರಿನಲ್ಲಿ ‘ಮಿ ಡಕ್’, ಅಂದರೆ ನನ್ನ ಬಾತುಕೋಳಿ. ನ್ಯೂಕ್ಯಾಸಲ್‌ನಲ್ಲಿ ‘ಪೆಟ್’, ಗ್ಲಾಸ್ಗೋದಲ್ಲಿ ಹೆಂಗಸರಿಗೆ ‘ಹೆನ್’. ಊರಿನವರಿಗೆ ಇದು ಗಾಳಿ ಬೆಳಕಿನಷ್ಟು ಸಹಜ. ಹೊರಗಿನಿಂದ ಬಂದವರು ಮಾತ್ರ ಬೆಚ್ಚುತ್ತಾರೆ.

◆ ನಮ್ಮಲ್ಲಿ ಆ ಸಲಿಗೆಗೆ ಕಾನೂನಿನ ಗೆರೆಯೂ ಇದೆ. ಅಂಡಮಾನಿನಲ್ಲಿ ಕುಡಿದಿದ್ದವನೊಬ್ಬ ಕರ್ತವ್ಯದ ಮೇಲಿದ್ದ ಮಹಿಳಾ ಕಾನ್‌ಸ್ಟೆಬಲ್‌ರನ್ನು ‘ಡಾರ್ಲಿಂಗ್’ ಎಂದು ಕರೆದಿದ್ದ. ಗುರುತಿಲ್ಲದ ಹೆಣ್ಣನ್ನು ಹಾಗೆ ಕರೆಯುವುದು ಭಾರತೀಯ ದಂಡಸಂಹಿತೆಯ 354ಎ ಕಲಮಿನಡಿ ಲೈಂಗಿಕ ಕಿರುಕುಳ ಎಂದು ಕಲ್ಕತ್ತಾ ಹೈಕೋರ್ಟಿನ ಪೋರ್ಟ್ ಬ್ಲೇರ್ ಪೀಠ 2024ರಲ್ಲಿ ಹೇಳಿತು. ಕುಡಿದಿದ್ದ ಎಂಬುದು ಅವನಿಗೆ ರಕ್ಷಣೆಯಾಗಲಿಲ್ಲ.

◆ ‘ಚಿನ್ನ, ಬಾಯಿ ತೆಗಿ ಪುಟ್ಟ, ನಾವೀಗ ಮಾತ್ರೆ ತಗೊಳ್ಳೋಣ್ವಾ?’ ಇದನ್ನು ಕೇಳಿಸಿಕೊಳ್ಳುತ್ತಿರುವುದು ಮಗುವಲ್ಲ, ಎಂಬತ್ತರ ಅಜ್ಜಿ. ವಯಸ್ಸಾದವರ ಮುಂದೆ ದನಿ ಎತ್ತರಿಸಿ, ಎಳೆದೆಳೆದು, ಮುದ್ದಿನ ಪದ ಬೆರೆಸಿ ಆಡುವ ಈ ಮಾತಿಗೆ ಸಂಶೋಧಕರು ‘ಎಲ್ಡರ್‌ಸ್ಪೀಕ್’ ಎಂದು ಹೆಸರಿಟ್ಟಿದ್ದಾರೆ. ಕ್ಯಾನ್ಸಸ್ ವಿಶ್ವವಿದ್ಯಾಲಯದ ಕ್ರಿಸ್ಟೀನ್ ವಿಲಿಯಮ್ಸ್ ಮತ್ತು ಸಂಗಡಿಗರು ವೃದ್ಧಾಲಯಗಳಲ್ಲಿದ್ದ, ಮರೆವಿನ ಕಾಯಿಲೆಯ 20 ಮಂದಿಯ ಆರೈಕೆಯನ್ನು ವಿಡಿಯೋ ಮಾಡಿ ನೋಡಿದರು. 2009ರಲ್ಲಿ ಪ್ರಕಟವಾದ ಫಲಿತಾಂಶ ಇದು: ದೊಡ್ಡವರ ಜೊತೆ ಆಡುವ ಹಾಗೆ ಮಾತಾಡಿದಾಗಿನದಕ್ಕಿಂತ ಮಗುವಿನ ಜೊತೆ ಆಡುವ ಹಾಗೆ ಮಾತಾಡಿದಾಗ ಅವರು ಕೈ ತಳ್ಳುವುದು, ಕೂಗುವುದು, ಮುಖ ತಿರುಗಿಸುವುದು ಸುಮಾರು ಎರಡು ಪಟ್ಟು. ಹೆಸರುಗಳನ್ನೇ ಮರೆತ ತಲೆ ಕೂಡ ತನ್ನನ್ನು ಕಿರಿದು ಮಾಡಿದ್ದನ್ನು ಗುರುತಿಸುತ್ತದೆ. ನಲವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿ ‘ಅಕ್ಕೋರು’ ಎಂದು ಊರಿಂದ ಕರೆಸಿಕೊಂಡವರನ್ನು ಹಾಸಿಗೆ ಹಿಡಿದ ದಿನದಿಂದ ‘ಪುಟ್ಟ’ ಮಾಡಿಬಿಡುವುದು ಪ್ರೀತಿಯಿಂದಲೇ ಇರಬಹುದು. ಆ ಪ್ರೀತಿ ಅವರನ್ನು ಒಂದು ಮಾತು ಕೇಳಿದ್ದರೆ ಚೆನ್ನಾಗಿತ್ತು.

◆ ಇದಕ್ಕೆ ತಿರುಗುಮುರುಗಾದ ಚೆಂದವೂ ಇದೆ. ದೊಡ್ಡವರು ಚಿಕ್ಕ ಹುಡುಗನನ್ನು ‘ಬಾರಪ್ಪಾ’, ಪುಟ್ಟ ಹುಡುಗಿಯನ್ನು ‘ಬಾರಮ್ಮಾ’, ಉತ್ತರ ಕರ್ನಾಟಕದಲ್ಲಾದರೆ ‘ಬಾರವಾ’ ಎನ್ನುತ್ತಾರೆ. ಅರಬ್ ನಾಡುಗಳಲ್ಲೂ ಹೀಗೇ: ತಂದೆ ಮಗುವನ್ನು ‘ಬಾಬಾ’, ತಾಯಿ ‘ಮಾಮಾ’ ಎಂದು ಕರೆಯುವ ರೂಢಿಯಿದೆ. ತಾನು ಏನೋ ಅದನ್ನೇ ಮಗುವಿಗೂ ಕೊಡುವ ಕರೆ.

◆ 1893ರ ಸೆಪ್ಟೆಂಬರ್ 11. ಷಿಕಾಗೋದ ಸರ್ವಧರ್ಮ ಸಮ್ಮೇಳನದಲ್ಲಿ ಸ್ವಾಮಿ ವಿವೇಕಾನಂದರು ಅಮೆರಿಕದ ಸಹೋದರಿಯರೇ, ಸಹೋದರರೇ ಎಂದ ಕೂಡಲೇ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ‘ಲೇಡೀಸ್ ಅಂಡ್ ಜೆಂಟಲ್‌ಮೆನ್’ ಕೇಳಿ ಕೇಳಿ ರೂಢಿಯಾಗಿದ್ದ ಕಿವಿಗಳಿಗೆ, ಗುರುತೇ ಇಲ್ಲದ ಪರದೇಶಿಯೊಬ್ಬ ನಂಟು ಹೇಳಿಕೊಂಡು ಬಂದಿದ್ದ.

◆ ನಂಟಿನ ಪದ ವಯಸ್ಸನ್ನೇ ನೋಡಬೇಕೆಂದಿಲ್ಲ. ಉಡುತಡಿಯಿಂದ ಕಲ್ಯಾಣಕ್ಕೆ ಬಂದ ಮಹಾದೇವಿ ಎಳೆಯ ಹೆಣ್ಣು. ಅವಳಿಗಿಂತ ಎಷ್ಟೋ ಹಿರಿಯರಾದ ಶರಣರು ಅವಳನ್ನು ‘ಅಕ್ಕ’ ಎಂದರು. ಎಂಟುನೂರು ವರ್ಷ ದಾಟಿದರೂ ನಾಡಿಗೆ ಅವಳು ಅಕ್ಕನೇ. ಬಸವಣ್ಣ, ಚೆನ್ನಬಸವಣ್ಣರ ಹೆಸರಿನಲ್ಲೇ ಅಣ್ಣ ಕೂತಿದ್ದಾನೆ. ಮರ್ಯಾದೆಯಿಂದ ಕರೆಯುವುದಕ್ಕೂ ತುಚ್ಛವಾಗಿ ಕರೆಯುವುದಕ್ಕೂ ಇರುವ ಅಂತರವನ್ನೇ ವಿಷಯವಾಗಿಸಿಕೊಂಡ ವಚನ ಬಸವಣ್ಣನವರಲ್ಲಿದೆ. ಎದುರು ಬಂದವರು ಯಾರೇ ಇರಲಿ, ಅವರನ್ನು ಹೇಗೆ ಕರೆಯಬೇಕು ಎಂಬುದು ಶರಣರ ಚಳವಳಿಗೆ ಚಿಕ್ಕ ಸಂಗತಿಯಾಗಿರಲಿಲ್ಲ.

◆ ಯಾಕೆಂದರೆ ಕನ್ನಡದ ನೆಲದಲ್ಲಿ ಕರೆಯುವ ಬಗೆಯೇ ಜಾತಿಯ ಕಟ್ಟಳೆಯಾಗಿತ್ತು. ಹಳೇ ಮೈಸೂರಿನ ಹಳ್ಳಿಗಳಲ್ಲಿ ಜೀತದಾಳು ಒಡೆಯನನ್ನು ‘ಬುದ್ಧೀ’, ‘ಸ್ವಾಮೀ’ ಎನ್ನಬೇಕಿತ್ತು. ಒಡೆಯನ ಮನೆಯ ಎಂಟು ವರ್ಷದ ಹುಡುಗ ಅರವತ್ತರ ಆಳನ್ನು ‘ಬಾರ್ಲಾ’ ಎನ್ನಬಹುದಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಕೆಂಚಯ್ಯನಾದರೂ ಮೇಲಿನ ಕೇರಿಯಲ್ಲಿ ಅವನು ಬರೀ ಕೆಂಚ. ‘ಅಯ್ಯ’ವನ್ನು ಕತ್ತರಿಸಿ ಹಾಕುತ್ತಿದ್ದುದು ಮರೆತಲ್ಲ, ಬೇಕೆಂದೇ. ಇವತ್ತಿಗೂ ‘ಏಕವಚನದಲ್ಲಿ ಮಾತಾಡಿದ’ ಎಂಬುದು ನಮ್ಮಲ್ಲಿ ಪೊಲೀಸ್ ದೂರಿನಲ್ಲಿ ಬರುವ ಮಾತು, ಪತ್ರಿಕೆಗಳಲ್ಲಿ ತಲೆಬರಹವಾಗುವ ಮಾತು. ಪರಿಶಿಷ್ಟರನ್ನು ಸಾರ್ವಜನಿಕವಾಗಿ ಜಾತಿ ಹೆಸರಿನಿಂದ ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧ.

ದೇವರಿಗೆ, ಹೆತ್ತ ತಾಯಿಗೆ ನಾವು ಹೇಳುವುದೂ ಏಕವಚನವನ್ನೇ. ಅಲ್ಲಿ ಯಾರಿಗೂ ನೋವಿಲ್ಲ. ನೋವಾಗುವುದು ಒಬ್ಬರು ‘ನೀನು’ ಎನ್ನುತ್ತಾ ತಮಗೆ ಮಾತ್ರ ‘ನೀವು’ ಕೇಳಿದಾಗ.

◆ ಇದೇ ನೋವು ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. 1963ರಲ್ಲಿ ಅಲಬಾಮಾದ ಗ್ಯಾಡ್ಸ್‌ಡೆನ್‌ನಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರ್ತಿ ಮೇರಿ ಹ್ಯಾಮಿಲ್ಟನ್ ಕಟಕಟೆಯಲ್ಲಿ ನಿಂತಿದ್ದರು. ಬಿಳಿಯ ಸಾಕ್ಷಿಗಳನ್ನು ಮಿಸ್ಟರ್, ಮಿಸೆಸ್ ಎನ್ನುವುದು, ಕಪ್ಪು ಸಾಕ್ಷಿಗಳನ್ನು ಬರೀ ಹೆಸರಿನಿಂದ ಕರೆಯುವುದು ಅಲ್ಲಿನ ನ್ಯಾಯಾಲಯಗಳ ರೂಢಿ. ಸರ್ಕಾರಿ ವಕೀಲರು ‘ಮೇರಿ’ ಎಂದರು. ಸರಿಯಾಗಿ ಕರೆಯುವವರೆಗೆ ಉತ್ತರ ಕೊಡುವುದಿಲ್ಲ ಎಂದು ಆಕೆ ಪಟ್ಟು ಹಿಡಿದರು. ನ್ಯಾಯಾಧೀಶರು ಉತ್ತರಿಸಿ ಎಂದರೂ ಬಗ್ಗಲಿಲ್ಲ. ನ್ಯಾಯಾಂಗ ನಿಂದನೆಗಾಗಿ 5 ದಿನ ಜೈಲು, 50 ಡಾಲರ್ ದಂಡ. ಜೈಲಿಗೆ ಹೋಗಿಬಂದರು, ಮೇಲ್ಮನವಿ ಹಾಕಿದರು. 1964ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದು ಮಾಡಿತು. ‘ಮಿಸ್’ ಎಂಬ ಎರಡಕ್ಷರಕ್ಕೆ ಐದು ದಿನದ ಸೆರೆ. ಅದು ಎಷ್ಟು ದೊಡ್ಡ ಸಂಗತಿ ಎಂದು ಕೆಂಚಯ್ಯನ ಮೊಮ್ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

◆ ಪೊಲೀಸರು ಜನರನ್ನು ‘ಎಡಾ’, ‘ಎಡೀ’, ಅಂದರೆ ನಮ್ಮ ‘ಲೋ’, ‘ಲೇ’, ಎನ್ನಬಾರದು ಎಂದು 2021ರಲ್ಲಿ ಕೇರಳ ಹೈಕೋರ್ಟ್ ತಾಕೀತು ಮಾಡಿತು. ಅದರ ಬೆನ್ನಿಗೇ ಪೊಲೀಸ್ ಮಹಾನಿರ್ದೇಶಕರ ಸುತ್ತೋಲೆಯೂ ಬಂತು.

◆ ಅದೇ ವರ್ಷ ಪಾಲಕ್ಕಾಡ್ ಜಿಲ್ಲೆಯ ಮಾತ್ತೂರು ಗ್ರಾಮ ಪಂಚಾಯಿತಿ ತನ್ನ ಕಚೇರಿಯಲ್ಲಿ ‘ಸರ್’, ‘ಮೇಡಂ’ ಎರಡನ್ನೂ ಕೈಬಿಟ್ಟಿತು. ಪಕ್ಷಭೇದವಿಲ್ಲದೆ ಎಲ್ಲ ಸದಸ್ಯರೂ ಒಪ್ಪಿದ ತೀರ್ಮಾನ. ಜನ ಅಧಿಕಾರಿಗಳನ್ನು ಹೆಸರಿನಿಂದಲೋ ಹುದ್ದೆಯಿಂದಲೋ ಕರೆಯಬಹುದು. ಅರ್ಜಿಯಲ್ಲಿ ಬೇಡಿಕೊಳ್ಳಬೇಕಾಗಿಯೂ ಇಲ್ಲ, ಹಕ್ಕಿನಿಂದ ಕೇಳಬಹುದು. ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಪಹಣಿಗೋ ಪಿಂಚಣಿಗೋ ಬಂದ ಮುದುಕರು ಮಗನ ವಯಸ್ಸಿನ ಗುಮಾಸ್ತರ ಮುಂದೆ ‘ಸ್ವಾಮೀ, ಸ್ವಾಮೀ’ ಎಂದು ಬಾಗುವುದನ್ನು ನೋಡಿದವರಿಗೆ ಆ ಪಂಚಾಯಿತಿಯ ಬೆಲೆ ತಿಳಿಯುತ್ತದೆ.

◆ ನ್ಯಾಯಾಧೀಶರನ್ನು ‘ಮೈ ಲಾರ್ಡ್’ ಎನ್ನುವುದು ನಮ್ಮಲ್ಲಿ ಕಡ್ಡಾಯವಲ್ಲ. ಭಾರತೀಯ ವಕೀಲರ ಪರಿಷತ್ತು 2006ರಲ್ಲೇ ಬದಲಿ ಪದಗಳನ್ನು ಸೂಚಿಸಿತ್ತು. 2014ರಲ್ಲಿ ಎಚ್.ಎಲ್. ದತ್ತು ಮತ್ತು ಎಸ್.ಎ. ಬೊಬ್ಡೆ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಗೌರವದಿಂದ ಕರೆದರೆ ಸಾಕು ಎಂದಿತು. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಪಿ. ಕೃಷ್ಣ ಭಟ್ ಅವರು 2021ರಲ್ಲಿ ತಮ್ಮನ್ನು ‘ಸರ್’ ಎಂದರೆ ಸಾಕೆಂದು ವಕೀಲರನ್ನು ಕೋರಿದ್ದರು. ರಾಷ್ಟ್ರಪತಿಯಾದ ಪ್ರಣಬ್ ಮುಖರ್ಜಿ 2012ರಲ್ಲಿ ದೇಶದೊಳಗಿನ ಸಮಾರಂಭಗಳಲ್ಲಿ ತಮಗೆ ‘ಹಿಸ್ ಎಕ್ಸೆಲೆನ್ಸಿ’ ಬೇಡವೆಂದರು.

◆ 1938ರಲ್ಲಿ ಮುಸೊಲಿನಿಯ ಸರ್ಕಾರ ಇಟಲಿಯಲ್ಲಿ ‘ನೀವು’ ಎನ್ನಲು ಗೌರವದ ‘ಲೇಯಿ’ಯನ್ನು ಬಿಟ್ಟು ‘ವೋಯಿ’ ಬಳಸಬೇಕೆಂದು ಹಟ ಹಿಡಿಯಿತು. ‘ಲೇಯಿ’ ಎಂಬ ಹೆಸರಿನ ಮಹಿಳಾ ಪತ್ರಿಕೆಯೊಂದು ಹೆಸರನ್ನೇ ಬದಲಿಸಿಕೊಳ್ಳಬೇಕಾಯಿತು. ಸರ್ವಾಧಿಕಾರಿ ಹೋದ, ‘ಲೇಯಿ’ ಮರಳಿ ಬಂತು.

◆ ಈಜಿಪ್ಟಿನಲ್ಲಿ 1952ರ ಕ್ರಾಂತಿಯಾದ ಮೇಲೆ ‘ಪಾಷಾ’, ‘ಬೇ’ ಬಿರುದುಗಳು ರದ್ದಾದವು. ಕೈರೋದ ಬೀದಿಯಲ್ಲಿ ಮಾತ್ರ ಇವತ್ತಿಗೂ ಯಾರು ಬೇಕಾದರೂ ‘ಬಾಷಾ’. ಕಾನೂನು ಶ್ರೀಮಂತರಿಂದ ಕಿತ್ತುಕೊಂಡದ್ದನ್ನು ಬೀದಿ ಎಲ್ಲರಿಗೂ ಹಂಚಿತು.

◆ ಹೆಣ್ಣಿಗೆ ಮದುವೆಯಾಗಿದೆಯೇ ಎಂದು ಕರೆಯುವ ಪದವೇ ಹೇಳಬೇಕೇಕೆ? ಪಶ್ಚಿಮ ಜರ್ಮನಿ 1972ರಲ್ಲಿ ಸರ್ಕಾರಿ ಬಳಕೆಯಿಂದ ಮದುವೆಯಾಗದವಳನ್ನು ಕರೆಯುವ ‘ಫ್ರಾಯ್‌ಲೈನ್’ ತೆಗೆಯಿತು. ಫ್ರಾನ್ಸ್ 2012ರಲ್ಲಿ ಸರ್ಕಾರಿ ನಮೂನೆಗಳಿಂದ ಅದೇ ಅರ್ಥದ ‘ಮದ್‌ಮ್ವಾಸೆಲ್’ ತೆಗೆಯಿತು. ನಮ್ಮ ಲಗ್ನಪತ್ರಿಕೆಗಳಲ್ಲಿ ‘ಚಿ. ಸೌ.’, ‘ಸೌ.’ ಇನ್ನೂ ಇವೆ. ಮಹಾರಾಷ್ಟ್ರದಲ್ಲೂ ಉತ್ತರ ಕರ್ನಾಟಕದಲ್ಲೂ ಗಂಡ ತೀರಿಕೊಂಡವರ ಹೆಸರಿನ ಮುಂದೆ ‘ಗಂ. ಭಾ.’, ಅಂದರೆ ಗಂಗಾ ಭಾಗೀರಥಿ, ಎಂದು ಬರೆಯುವ ರೂಢಿ ಇತ್ತು. ಗಂಗೆಯ ಹೆಸರು ಹೇಳಿದ ಮಾತ್ರಕ್ಕೆ ಅದು ಗೌರವವಾಗಲಿಲ್ಲ. ಪತ್ರದ ಲಕೋಟೆ ನೋಡಿದ ಅಂಚೆಯವನಿಗೂ ಮನೆಯ ದುಃಖ ತಿಳಿಯುತ್ತಿತ್ತು. ಗಂಡಸಿಗೆ ಎಲ್ಲ ಕಾಲಕ್ಕೂ ಒಂದೇ ‘ಶ್ರೀ’.

◆ ವರನಟ ಡಾ. ರಾಜ್‌ಕುಮಾರ್ ತಮ್ಮನ್ನು ನೋಡಲು ಬಂದ ಅಪರಿಚಿತರೆಲ್ಲರನ್ನೂ ‘ಅಭಿಮಾನಿ ದೇವರುಗಳು’ ಎಂದರು. ಜನ ಅವರನ್ನು ‘ಅಣ್ಣಾವ್ರು’ ಎಂದರು. ಏಕವಚನದ ನಂಟಿಗೆ ಬಹುವಚನದ ಗೌರವ ಸೇರಿದ ಈ ಪದ ಅವರಿಗೆಂದೇ ಮೀಸಲಾಯಿತು.

◆ ಬ್ರಿಟನ್ನಿನ ವೈದ್ಯೆ ಕೇಟ್ ಗ್ರೇಂಜರ್ ಕ್ಯಾನ್ಸರ್ ರೋಗಿಯಾಗಿ ಮಲಗಿದ್ದಾಗ ಗಮನಿಸಿದ್ದು: ತನ್ನನ್ನು ಮುಟ್ಟಿ, ಚುಚ್ಚಿ, ಸಾಗಿಸಿದ ಎಷ್ಟೋ ಮಂದಿ ತಮ್ಮ ಹೆಸರನ್ನೇ ಹೇಳಲಿಲ್ಲ. 2013ರಲ್ಲಿ ಆಕೆ ‘ನಮಸ್ಕಾರ, ನನ್ನ ಹೆಸರು...’ ಎಂಬ ಅರ್ಥದ ಅಭಿಯಾನ ಶುರುಮಾಡಿದರು. ಅಲ್ಲಿನ ಆಸ್ಪತ್ರೆಗಳಲ್ಲಿ ಅದು ಹಬ್ಬಿತು. 2016ರಲ್ಲಿ ಆಕೆ ತೀರಿಕೊಂಡ ಮೇಲೂ ಅದು ನಡೆಯುತ್ತಿದೆ. ಬ್ರಿಟನ್ನಿನ ಹಲವು ವಾರ್ಡುಗಳಲ್ಲಿ ಮಂಚದ ತಲೆದೆಸೆಗೆ ಒಂದು ಪುಟ್ಟ ಫಲಕವೂ ಇರುತ್ತದೆ. ರೋಗಿಯನ್ನು ಏನೆಂದು ಕರೆದರೆ ಇಷ್ಟ ಎಂಬುದನ್ನು ಅವರನ್ನೇ ಕೇಳಿ ಅದರ ಮೇಲೆ ಬರೆದಿರುತ್ತಾರೆ. ನಮ್ಮ ಜಿಲ್ಲಾ ಆಸ್ಪತ್ರೆಗಳ ಕೇಸ್ ಶೀಟಿನಲ್ಲಿ ಹೆಸರು, ವಯಸ್ಸು, ಊರು, ತಂದೆ ಅಥವಾ ಗಂಡನ ಹೆಸರು ಎಲ್ಲಕ್ಕೂ ಜಾಗವಿದೆ. ಅದರ ಕೆಳಗೆ ಇನ್ನೊಂದು ಗೆರೆ ಎಳೆದು ‘ಏನೆಂದು ಕರೆಯಬೇಕು?’ ಎಂದು ಅಚ್ಚು ಹಾಕಿಸಲು ಹೊಸ ಕಾನೂನೇನೂ ಬೇಕಾಗಿಲ್ಲ, ಮುಂದಿನ ಸಲ ನಮೂನೆ ಮುದ್ರಣಕ್ಕೆ ಹೋಗುವಾಗ ಯಾರಾದರೂ ನೆನಪಿಸಿದರೆ ಆಯಿತು.